24 ಹೆಸರುಗಳ ನಂತರ

2009ರ ಅಮೆರಿಕದ ಬೇಸ್‌ಬಾಲ್ ಡ್ರಾಫ್ಟ್ ದಿನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ, ಟಿವಿ ಸ್ಟುಡಿಯೋಗೆ ಖುದ್ದಾಗಿ ಬಂದಿದ್ದ ಆಟಗಾರ ಒಬ್ಬನೇ, ನ್ಯೂಜೆರ್ಸಿಯ ಮಿಲ್‌ವಿಲ್ ಊರಿನ 17 ವರ್ಷದ ಮೈಕ್ ಟ್ರೌಟ್. ಎದುರಲ್ಲೇ ಒಂದೊಂದಾಗಿ 24 ಹೆಸರು ಕರೆದರು. ಅವನದಲ್ಲ. ಏಂಜಲ್ಸ್ ತಂಡಕ್ಕೆ 24, 25 ಎರಡೂ ಸರದಿ ಸಿಕ್ಕಿತ್ತು. ಅವರೂ ಮೊದಲು ಇವನ ಹಾಗೇ ಮೈದಾನದ ಹೊರಭಾಗ ಕಾಯುವ ಬೇರೊಬ್ಬ ಔಟ್‌ಫೀಲ್ಡರನ್ನೇ ಆರಿಸಿಕೊಂಡರು, ಆಮೇಲೆ ಇವನನ್ನು! ಆ ವಯಸ್ಸಲ್ಲಿ ಅಷ್ಟು ಹೊತ್ತು ಕ್ಯಾಮೆರಾ ಮುಂದೆ ಕೂತಿರೋದು ಸುಲಭ ಅಲ್ಲ.

ಕೆಳಹಂತದ ಮೈನರ್ ಲೀಗ್ ಮುಗಿಸಿ 2011ರ ಜುಲೈನಲ್ಲಿ ದೊಡ್ಡ ಲೀಗಿಗೆ ಬಂದ. 40 ಪಂದ್ಯ, ಬ್ಯಾಟಿಂಗ್ ಸರಾಸರಿ ಬರೀ .220, ಅಂದರೆ ನೂರು ಅವಕಾಶಕ್ಕೆ 22 ಹಿಟ್ ಅಷ್ಟೇ. ಮುಂದಿನ ವರ್ಷ ಮತ್ತೆ ಮೈನರ್ ಲೀಗಿನಿಂದಲೇ ಶುರು. ಏಪ್ರಿಲ್ ಕೊನೆಗೆ ದೊಡ್ಡ ಲೀಗಿನ ಕರೆ ಬಂತು.

ಆಮೇಲೆ ನಡೆದದ್ದನ್ನು ಎಷ್ಟು ಸಲ ನೋಡಿದರೂ ಸಾಲದು. ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಎದುರಾಳಿ ತಂಡದ ಹಾರ್ಡಿ ಹೊಡೆದ ಚೆಂಡು ಗೋಡೆ ದಾಟಿ ಹೋಮ್ ರನ್ ಆಗಲೇಬೇಕಿತ್ತು. ಟ್ರೌಟ್ ಹಿಂದಕ್ಕೆ ಓಡಿ, ಗೋಡೆ ಹತ್ತಿರ ಮೇಲಕ್ಕೆ ಜಿಗಿದು, ಆಚೆ ಕೈ ಚಾಚಿ ಹಿಡಿದೇಬಿಟ್ಟ. ಆ ಸೀಸನ್ನಿನಲ್ಲಿ 30 ಹೋಮ್ ರನ್, 49 ಸ್ಟೀಲ್ (ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿಬಿಡೋದು). ಅವನ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಮೊದಲ ಸ್ಥಾನದ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ.

ನನಗೆ ಮಾತ್ರ ಆ .220ರ ಮೇಲೇ ಗೌರವ ಜಾಸ್ತಿ.