ವೇವ್ ಪೂಲಿನಲ್ಲಿ ಹಲ್ಲಿನ ಸೆಟ್ಟು

ಭಾನುವಾರ ಮಂಗಳೂರಿನ ಹತ್ತಿರದ ಒಂದು ವಾಟರ್ ಪಾರ್ಕಿಗೆ ಮನೆಮಂದಿಯೆಲ್ಲ ಹೋಗಿದ್ದೆವು. ನೀರಾಟಕ್ಕಿಂತ ಜನರನ್ನು ನೋಡಿದ್ದೇ ಜಾಸ್ತಿ.

ಸೀರೆಯಲ್ಲೇ ಇಳಿಯುತ್ತೇನೆ ಅಂತ ಒಬ್ಬರು ಆಂಟಿ ಗಾರ್ಡ್ ಜೊತೆ ಜಗಳಕ್ಕೆ ನಿಂತಿದ್ದರು. ಹತ್ತಿ ಬಟ್ಟೆಯ ನೂಲು ಫಿಲ್ಟರಿಗೆ ಹೋಗುತ್ತದೆ, ಸೆರಗು ಸ್ಲೈಡಿನಲ್ಲಿ ಸಿಕ್ಕಿದರೆ ಅಪಾಯ ಅಂತ ಪಾಪ ಆ ಹುಡುಗ ಹೇಳುತ್ತಲೇ ಇದ್ದ. "ಪಣಂಬೂರು ಬೀಚಿನಲ್ಲಿ ಯಾರೂ ಕೇಳುವುದಿಲ್ಲ ಮಾರಾಯ" ಅಂದರು ಆಂಟಿ.

ಆಮೇಲೆ ವೇವ್ ಪೂಲಿನಲ್ಲಿ ಒಬ್ಬ ಅಜ್ಜನ ಹಲ್ಲಿನ ಸೆಟ್ಟೇ ಹೋಯಿತು! ಅಲೆ ನಿಲ್ಲಿಸಿದರು. ಗುರುತು ಪರಿಚಯ ಇಲ್ಲದವರೆಲ್ಲ ಮುಳುಗಿ ಹುಡುಕಿದರು. ಮೊದಲು ಸಿಕ್ಕಿದ್ದು ಯಾರದೋ ಕೂಲಿಂಗ್ ಗ್ಲಾಸ್, ಆಮೇಲೆ ಒಂದು ಕಾಲ್ಗೆಜ್ಜೆ, ಕೊನೆಗೆ ಹಲ್ಲು. ಅಜ್ಜ ಅದೇ ನೀರಲ್ಲಿ ಜಾಲಾಡಿಸಿ ಬಾಯಿಗೆ ಹಾಕಿಕೊಂಡರು. ಆ ನೀರಿನಲ್ಲಿ ಎಷ್ಟು ಪುಟ್ಟ ಮಕ್ಕಳಿದ್ದರು ಅಂತ ಸುಮ್ನೆ ಯಾಕೆ ಹೇಳಲಿ.

ಪಾರ್ಕುಗಳಲ್ಲಿ ಇಂಥ ಫಜೀತಿ ಹೊಸತೇನಲ್ಲ ಬಿಡಿ. 1955ರ ಜುಲೈ 17ರಂದು ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ಶುರುವಾದ ದಿನವೇ ನಕಲಿ ಟಿಕೆಟ್ ಹಿಡಿದು ಜನ ನುಗ್ಗಿದ್ದರು. ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈ ಹೀಲ್ಸ್ ಹೂತುಕೊಂಡಿದ್ದವು.

ಗೇಟು ದಾಟಿದ ಕೂಡಲೇ ದೊಡ್ಡವರಿಗೆ ಏನಾಗುತ್ತದೋ ಅಲ್ವಾ? ಮನೆಯಲ್ಲಿ ಮಾತೇ ಆಡದ ನಮ್ಮ ಭಾವ ರೇನ್ ಡ್ಯಾನ್ಸಿನಲ್ಲಿ ಹುಲಿವೇಷದ ಸ್ಟೆಪ್ ಹಾಕಿದರು. ಅಕ್ಕ ವಿಡಿಯೊ ಮಾಡಿದ್ದಾಳೆ. ಫ್ಯಾಮಿಲಿ ಗ್ರೂಪಿಗೆ ಇನ್ನೂ ಹಾಕಿಲ್ಲ, ರೇಟು ಮಾತಾಡುತ್ತಿದ್ದಾರೆ.