ಅಪ್ಪನ ಕತ್ತಿಗೆ ಹಿಡಿದ ತಾಮ್ರ

ಆಷಾಢದ ಮಳೆ ಎರಡು ದಿನ ಬಿಟ್ಟಿತ್ತು. ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕೊಳೆರೋಗ ಕಾಯುವುದಿಲ್ಲ, ಮರ ಹತ್ತುವವರು ಕರೆದಾಗ ಸಿಗುವುದಿಲ್ಲ. ರಜೆಯಲ್ಲಿ ಬಂದಿದ್ದ ನನಗೂ ಬ್ಯಾರೆಲಿನ ಕೆಲಸ ಬಿತ್ತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅಂದರೆ ತಾಮ್ರದ ನೀಲಿ ಉಪ್ಪು, ಒಂದು ಕಿಲೋ ಸುಣ್ಣ. ಬೇರೆ ಬೇರೆಯಾಗಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕೊನೆಗೆ ಅಪ್ಪ ಉಜ್ಜಿದ ಕತ್ತಿಯ ಅಲಗನ್ನು ಬ್ಯಾರೆಲಿಗೆ ಅದ್ದಿ ಎತ್ತಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು.

"ಸುಣ್ಣ ಸಾಲದು" ಎಂದರು.

ಚಿಕ್ಕಂದಿನಿಂದ ನೋಡಿದ್ದೇ. ಆದರೆ ಅದು ನನ್ನ ಹೊಟ್ಟೆಪಾಡಿನ ವಿದ್ಯೆಯೂ ಹೌದೆಂದು ಹೊಳೆದದ್ದು ಅಂದೇ. ನಾನು ಪ್ರಯೋಗಶಾಲೆಯೊಂದರಲ್ಲಿ ಕರಗಿದ ಕ್ಲೋರೈಡ್ ಉಪ್ಪಿನಲ್ಲಿ ಯುರೇನಿಯಂ ಹೇಗೆ ನಡೆದುಕೊಳ್ಳುತ್ತದೆಂದು ಅಳೆಯುವವನು. ಊರಿನಲ್ಲಿ ಕೇಳಿದವರಿಗೆ "ಉಪ್ಪಿನ ಕೆಲಸ" ಎಂದು ಹೇಳಿ ಜಾರಿಕೊಳ್ಳುತ್ತೇನೆ.

ಸುಣ್ಣ ಸಾಲದೆ ನೀರಿನಲ್ಲಿ ಉಳಿದ ತಾಮ್ರವನ್ನು ಕತ್ತಿಯ ಕಬ್ಬಿಣ ತಾನು ಕರಗಿ ಲೋಹವಾಗಿ ಹೊರಹಾಕುತ್ತದೆ. ನಮ್ಮ ಪ್ರಯೋಗಶಾಲೆಯಲ್ಲೂ ಅದೇ ಆಟ, ಕಬ್ಬಿಣದ ಜಾಗದಲ್ಲಿ ಯುರೇನಿಯಂ. ಮೊದಲು ಲಿಥಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಎರಡನ್ನೂ ಬೆರೆಸಿ ಕರಗಿಸುತ್ತೇವೆ. ಒಂಟಿಯಾಗಿ ಇವು 600 ಡಿಗ್ರಿ ದಾಟದೆ ಕರಗುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಬೆರೆತರೆ ಸುಮಾರು 355 ಡಿಗ್ರಿಗೇ ನೀರಾಗುತ್ತವೆ. 500 ಡಿಗ್ರಿಯಲ್ಲಿ ಆ ತಿಳಿ ದ್ರವಕ್ಕೆ ಕ್ಯಾಡ್ಮಿಯಂ ಕ್ಲೋರೈಡ್ ಹಾಕಿ ಯುರೇನಿಯಂ ಚೂರುಗಳನ್ನು ಇಳಿಸಿದರೆ, ಯುರೇನಿಯಂ ಟ್ರೈಕ್ಲೋರೈಡ್ ಆಗಿ ಕರಗುತ್ತದೆ, ಕ್ಯಾಡ್ಮಿಯಂ ಲೋಹವಾಗಿ ತಳ ಸೇರುತ್ತದೆ. ಉಪ್ಪಿಗೆ ಹಣ್ಣಾದ ನೇರಳೆಯ ಬಣ್ಣ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

"ಅಷ್ಟು ಬಿಸಿ ಯಾಕೆ? ನೀರಿನಲ್ಲೇ ಮಾಡಬಾರದೇ?" ಅಪ್ಪ ಸುಣ್ಣ ಕದಡುತ್ತಲೇ ಕೇಳಿದರು.

ಸಂದರ್ಶನದಲ್ಲೂ ನನಗೆ ಇಷ್ಟು ನೇರವಾದ ಪ್ರಶ್ನೆ ಬಂದಿರಲಿಲ್ಲ. ನೀರಿನಲ್ಲಿ ಕರೆಂಟು ಹಾಯಿಸಿದರೆ ಯುರೇನಿಯಂ ಲೋಹವಾಗಿ ಕೂರುವ ಮೊದಲೇ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ. ಕರಗಿದ ಉಪ್ಪಿನ ತಾಳ್ಮೆ ದೊಡ್ಡದು. ಕ್ಲೋರಿನ್ ಎಲೆಕ್ಟ್ರೋಡನ್ನು ಸೊನ್ನೆ ಎಂದಿಟ್ಟು ಅಳೆದರೆ ಯುರೇನಿಯಂ ಸುಮಾರು 2.5 ವೋಲ್ಟ್ ಕೆಳಗೆ ಲೋಹವಾಗುತ್ತದೆ, ಪ್ಲುಟೋನಿಯಂ ಸುಮಾರು 2.8ರಲ್ಲಿ, ವಿರಳ ಭಸ್ಮ (ರೇರ್ ಅರ್ತ್) ಲೋಹಗಳು 3ರ ಆಸುಪಾಸಿನಲ್ಲಿ. ಉಪ್ಪಿನದೇ ಲಿಥಿಯಂ ಇನ್ನೂ ಕೆಳಗೆ. ರಿಯಾಕ್ಟರಿನಲ್ಲಿ ಬಳಸಿ ತೆಗೆದ ಲೋಹ ಇಂಧನದಿಂದ ಯುರೇನಿಯಂ ಬೇರ್ಪಡಿಸುವ ವಿದ್ಯೆಯೆಲ್ಲ ಈ ಅಂತರದ ಮೇಲೆ ನಿಂತಿದೆ. ಅಮೆರಿಕದ ಇಡಾಹೋದಲ್ಲಿ 1996ರಿಂದ ಇಬಿಆರ್-2 ರಿಯಾಕ್ಟರಿನ ಇಂಧನವನ್ನು ಹೀಗೆ ಸಂಸ್ಕರಿಸಿದರು. ನಮ್ಮ ಕಲ್ಪಾಕ್ಕಂನಲ್ಲೂ ಇದರ ಸಂಶೋಧನೆ ಇದೆ. ಇಂಧನದಲ್ಲಿದ್ದ ಸೀಸಿಯಂ, ಸ್ಟ್ರಾನ್ಷಿಯಂ ಉಪ್ಪಿನಲ್ಲೇ ಉಳಿಯುತ್ತವೆ, ರುಥೇನಿಯಂನಂಥವು ಕರಗದೆ ಇಂಧನ ಇಟ್ಟ ಬುಟ್ಟಿಯಲ್ಲೇ ಕುಳಿತಿರುತ್ತವೆ.

ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಹೆಚ್ಚೆಂದರೆ 3 ಗ್ರಾಂಗೆ ಚೂರು ಕಡಿಮೆ ಯುರೇನಿಯಂ. ಅದೂ ಕತ್ತಿಯ ತಾಮ್ರದಂತೆ ತೆಳ್ಳಗೆ ಹರಡುವುದಿಲ್ಲ. ಉಕ್ಕಿನ ಸಲಾಕೆಯ ಸುತ್ತ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ನಡುವೆ ಸಿಕ್ಕಿಕೊಂಡ ಉಪ್ಪನ್ನು ನಿರ್ವಾತದಲ್ಲಿ ಆವಿ ಮಾಡಿ ತೆಗೆಯಬೇಕು.

ನಮ್ಮ ದೊಡ್ಡ ಶತ್ರು ತೇವ. ಲಿಥಿಯಂ ಕ್ಲೋರೈಡ್ ಗಾಳಿಯ ಪಸೆಯನ್ನು ಎಳೆದು ತಾನೇ ನೀರಾಗುತ್ತದೆ, ಆದ್ದರಿಂದ ಕೆಲಸವೆಲ್ಲ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ. ಒಂದು ಮಳೆಗಾಲದಲ್ಲಿ ಕೈಗವಸಿನಲ್ಲಿದ್ದ ಸಣ್ಣ ತೂತನ್ನು ನಾನು ಗಮನಿಸಲಿಲ್ಲ. ಉಪ್ಪಿನಲ್ಲಿ ಅದ್ದಿದ ಟಂಗ್‌ಸ್ಟನ್ ತಂತಿಯ ವೋಲ್ಟೇಜನ್ನು ಇಳಿಸಿ ಏರಿಸಿದರೆ ಕರೆಂಟಿನ ಗೆರೆಯಲ್ಲಿ ಹೋಗುವಾಗ ಒಂದು ಅಗಲದ ತಗ್ಗು, ಬರುವಾಗ ಕೂರಿದ ಲೋಹವೆಲ್ಲ ಒಮ್ಮೆಗೇ ಕರಗುವುದರಿಂದ ಚೂಪಾದ ಶಿಖರ ಕಾಣಬೇಕು. ದಿನದಿಂದ ದಿನಕ್ಕೆ ಶಿಖರ ಕುಗ್ಗಿತು. ಯುರೇನಿಯಂ ಆಕ್ಸೈಡ್ ಆಗಿ ತಳದಲ್ಲಿ ಕೆಸರು ಕಟ್ಟಿತ್ತು. ಮೂರು ವಾರದ ಕೆಲಸ ಹೋಯಿತು. ತಪ್ಪು ಪೂರ್ತಿ ನನ್ನದೇ.

"ಹಾಗಾದರೆ ನಿನಗೆ ಲೋಹ ಹಿಡಿದರೆ ಕೆಲಸ ಆಯಿತು, ನನಗೆ ಹಿಡಿದರೆ ಕೆಟ್ಟಿತು" ಎಂದು ಅಪ್ಪ ನಕ್ಕು, ಮತ್ತೆರಡು ಚೊಂಬು ಸುಣ್ಣದ ನೀರು ಸುರಿದರು. ಈ ಸಲ ಕತ್ತಿ ಬೆಳ್ಳಗೇ ಬಂತು. ಮೇಲೆ ಮರದಲ್ಲಿದ್ದವನು ಪೈಪು ಬಿಡಲು ಕೂಗಿದ. ಮೋಡ ಮತ್ತೆ ಕಟ್ಟುತ್ತಿತ್ತು.