ಕಂಟ್ರೋಲರ್ ಬದಲಿಸುವ ಮುಂಚೆ ಒಂದು ಬಲ್ಬ್ ಉರಿಸಿ ನೋಡಿ

ಎಕ್ಸ್‌ಕವೇಟರ್, ಲೋಡರ್‌ಗಳ ವೈರಿಂಗ್ ಮತ್ತು ಕಂಟ್ರೋಲರ್ ರಿಪೇರಿ ನನ್ನ ಕೆಲಸ. ಬರುವ ಮಿಷನ್‌ಗಳು ಹೆಚ್ಚಾಗಿ ಕಲ್ಲುಕ್ವಾರಿಯವು, ಹದಿನೈದು ಇಪ್ಪತ್ತು ವರ್ಷ ದುಡಿದವು. ಎಂಜಿನ್ ಇನ್ನೂ ಗಟ್ಟಿ ಇರುತ್ತದೆ, ಪಂಪೂ ಚೆನ್ನಾಗಿರುತ್ತದೆ. ಸೀಟಿನ ಹಿಂದಿರುವ ಚಿಕ್ಕ ಪೆಟ್ಟಿಗೆ, ಅಂದರೆ ಪಂಪನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಂಟ್ರೋಲರ್, ಕೆಟ್ಟಿದೆ ಎಂದು ಯಾರೋ ಹೇಳಿದ್ದಕ್ಕೆ ಮಿಷನ್ ನಿಂತಿರುತ್ತದೆ.

ಇತ್ತೀಚೆಗೆ ನೋಡಿದ ಇಪ್ಪತ್ತು ಟನ್ನಿನ ಮಿಷನ್ನಿನ ಕಥೆಯೂ ಇದೇ. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು. ಬಿಸಿಲೇರಿದ ಮೇಲೆ ಬೂಮ್ (ದೊಡ್ಡ ತೋಳು) ಎತ್ತುತ್ತಾ ಮಿಷನ್ ತಿರುಗಿಸಿದರೆ ಎಂಜಿನ್ ಕುಂದಿ ಆಫ್ ಆಗುವ ಹಾಗಾಗುತ್ತಿತ್ತು. ಎಮರ್ಜೆನ್ಸಿ ಪಂಪ್ ಸ್ವಿಚ್ ಹಾಕಿದರೆ ಸರಿಹೋಗುತ್ತಿತ್ತು. ಆ ಸ್ವಿಚ್ ಕಂಟ್ರೋಲರನ್ನು ಬಿಟ್ಟು, ಒಂದು ರೆಸಿಸ್ಟರ್ ಮೂಲಕ ಪಂಪಿನ ಸೊಲೆನಾಯ್ಡ್‌ಗೆ (ಕರೆಂಟಿನಿಂದ ನಡೆಯುವ ವಾಲ್ವ್) ನಿಗದಿತ ಕರೆಂಟ್ ಕೊಡುತ್ತದೆ. ಅಲ್ಲಿಗೆ ಪಂಪ್, ಸೊಲೆನಾಯ್ಡ್ ಎರಡೂ ಸರಿ ಎಂದಾಯಿತು. ಹಾಗಂತ ಕಂಟ್ರೋಲರೇ ಹೋಗಿದೆ ಎನ್ನುವಂತಿಲ್ಲ, ಅದಕ್ಕೆ ಸಪ್ಲೈ ಮತ್ತು ಅರ್ತ್ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಬೇಕು.

ಮೀಟರ್ ಇಟ್ಟರೆ 24 ವೋಲ್ಟ್ ಪೂರ್ತಿ ತೋರಿಸುತ್ತಿತ್ತು. ಇದನ್ನು ನಂಬಬೇಡಿ. ಡಿಜಿಟಲ್ ಮೀಟರಿನ ಒಳರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಅದು ಕರೆಂಟ್ ಎಳೆಯುವುದೇ ಇಲ್ಲ ಎನ್ನಬಹುದು. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ಕಾಣುತ್ತದೆ. ನಾನು ಕನೆಕ್ಟರ್ ಬಿಚ್ಚಿ, ವೈರಿನ ಕಡೆಯ ಸಪ್ಲೈ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 24 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹಾಕುತ್ತೇನೆ. ಅದು ಸುಮಾರು 0.9 ಆಂಪಿಯರ್ ಎಳೆಯುತ್ತದೆ. ದಪ್ಪ ಪ್ರೋಬ್ ತುರುಕಿದರೆ ಪಿನ್ ಅಗಲವಾಗಿ ಹೊಸ ತೊಂದರೆ ಶುರುವಾಗುತ್ತದೆ, ಅದೇ ಅಳತೆಯ ಟರ್ಮಿನಲ್ಲೇ ಬಳಸಿ. ಬಲ್ಬ್ ಉರಿಯುತ್ತಿರುವಾಗ ಬ್ಯಾಟರಿ ನೆಗೆಟಿವ್‌ಗೂ ಅರ್ತ್ ಪಿನ್ನಿಗೂ ಮೀಟರ್ ಇಟ್ಟರೆ ಕಾಲು ವೋಲ್ಟ್ ದಾಟಬಾರದು. ಇಲ್ಲಿ ಐದು ವೋಲ್ಟ್ ದಾಟಿತ್ತು, ಬಲ್ಬ್ ಮಂಕಾಗಿತ್ತು.

ಕ್ಯಾಬಿನ್ ಮ್ಯಾಟ್ ಎತ್ತಿದಾಗ ಕಾರಣ ಕಂಡಿತು. ಪೇಂಟ್ ಹೊಡೆದವರು ಅರ್ತ್ ಬೋಲ್ಟಿನ ಜಾಗಕ್ಕೂ ಹೊಡೆದು, ಅದರ ಮೇಲೇ ಲಗ್ (ವೈರಿನ ತುದಿಯ ಲೋಹದ ಬಳೆ) ಕೂರಿಸಿ ಬಿಗಿದಿದ್ದರು. ಕೈಗೆ ಬಿಗಿ, ಕಣ್ಣಿಗೆ ಹೊಸದು. ಲಗ್ಗಿನ ಒಳಗೆ ತಾಮ್ರ ಹಸಿರುಗಟ್ಟಿತ್ತು. ಲೋಹ ಹೊಳೆಯುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ ಬಿಗಿದೆ. ಹೊಸ ಕಂಟ್ರೋಲರಿಗೆ ಲಕ್ಷದ ಮೇಲೆ ಕೊಟೇಶನ್ ಬಂದಿತ್ತಂತೆ.

ಸೆನ್ಸರ್‌ಗಳ 5 ವೋಲ್ಟ್ ಸಪ್ಲೈಯೂ ಹೀಗೇ ದಾರಿ ತಪ್ಪಿಸುತ್ತದೆ. ಬಹಳಷ್ಟು ಮಿಷನ್‌ಗಳಲ್ಲಿ ಹಲವು ಸೆನ್ಸರ್‌ಗಳಿಗೆ ಒಂದೇ ಲೈನ್. ಒಂದು ಶಾರ್ಟ್ ಆದರೆ ಸಂಬಂಧವಿಲ್ಲದ ಎರರ್ ಕೋಡ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ಒಂದೊಂದೇ ಪ್ಲಗ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ.

ಬೋರ್ಡೇ ಕೆಡುವುದೂ ಉಂಟು. 1990ರ ದಶಕದ ಬೋರ್ಡುಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರಿ ಬೋರ್ಡಿನ ಮೇಲಿನ ತಾಮ್ರದ ಗೆರೆ ತಿಂದುಬಿಡುತ್ತದೆ. ಸೋಲ್ಡರಿಂಗ್ ಐರನ್ ತಾಗಿಸಿದರೆ ಮೀನಿನ ವಾಸನೆ ಏಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಪಾಸಿಟರ್ ತರುವಾಗ 105 ಡಿಗ್ರಿ ಬಿಸಿ ತಡೆಯುವುದನ್ನೇ ಕೇಳಿ. 24 ವೋಲ್ಟ್ ಸಪ್ಲೈ ಕಡೆಗೆ, ಜಾಗ ಹಿಡಿಸಿದರೆ, 63 ವೋಲ್ಟಿನದು ಹಾಕಿ. ಅದುರದಂತೆ ಸಿಲಿಕೋನ್ ಇಡುವಾಗ ವಿನೆಗರ್ ವಾಸನೆಯದು ಬೇಡ, ಅದರ ಆಮ್ಲ ತಾಮ್ರಕ್ಕೆ ಶತ್ರು. ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ತರುವುದಾದರೆ ಪ್ಲಗ್ ಕೂತರೆ ಸಾಲದು, ಪಾರ್ಟ್ ನಂಬರಿನ ಕೊನೆಯ ಅಂಕಿಗಳೂ ಹೊಂದಬೇಕು. ಪೆಟ್ಟಿಗೆ ಒಂದೇ ಆದರೂ ಒಳಗಿನ ಪ್ರೋಗ್ರಾಂ ಬೇರೆ ಮಾಡೆಲಿನದಿರಬಹುದು.

ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವವರು ದಯವಿಟ್ಟು ಬ್ಯಾಟರಿ ಟರ್ಮಿನಲ್, ಕಂಟ್ರೋಲರ್ ಪ್ಲಗ್ ಎರಡೂ ಬಿಚ್ಚಿ, ಅರ್ತ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಸೀಟಿನ ಪಕ್ಕದ ಸೇಫ್ಟಿ ಲಾಕ್ ಲಿವರಿನ ಸ್ವಿಚ್ ಕೆಟ್ಟಾಗ ಜಂಪರ್ (ಸ್ವಿಚ್ ಬಿಟ್ಟು ನೇರ ಜೋಡಿಸುವ ವೈರ್) ಹಾಕಿ ಓಡಿಸುವ ಅಭ್ಯಾಸ ಕ್ವಾರಿಗಳಲ್ಲಿದೆ. ಆ ಲಿವರ್ ಎತ್ತಿದರೆ ಜಾಯ್‌ಸ್ಟಿಕ್ ಬಳಸುವ ಎಣ್ಣೆಯ ಒತ್ತಡ (ಪೈಲಟ್ ಪ್ರೆಶರ್) ಕಟ್ ಆಗಿ ಜಾಯ್‌ಸ್ಟಿಕ್ ಸತ್ತಂತೆ. ಜಂಪರ್ ಇದ್ದರೆ, ಆಪರೇಟರ್ ಇಳಿಯುವಾಗ ಅಂಗಿಯ ತೋಳು ಸಿಕ್ಕಿಕೊಂಡರೂ ಬೂಮ್ ಹಾರುತ್ತದೆ. ಎದುರಿಗೆ ಹೆಲ್ಪರ್ ಹುಡುಗ ಬಕೆಟ್ ಪಿನ್ನಿಗೆ ಗ್ರೀಸ್ ಹೊಡೆಯುತ್ತಿರುತ್ತಾನೆ. ಅಂಥ ಮಿಷನ್ ಬಂದರೆ ಮೊದಲು ಜಂಪರ್ ಕಿತ್ತು ಸ್ವಿಚ್ ಸರಿಮಾಡುತ್ತೇನೆ, ಓನರ್ ಕರೆಸಿದ ಕೆಲಸ ಆಮೇಲೆ.